ಶಾಲಿನೊಳಗೆ ಹೊಲಿದ ಅರ್ಜಿ

ನಾನು ಹುಟ್ಟುವ ಮೊದಲೇ ಅವರು ನಮ್ಮ ಎಂಪಿ. ನಾನು ಪಿಯುಸಿ ಮುಗಿಸಿದಾಗಲೂ ಅವರೇ. ಇಷ್ಟು ವರ್ಷ ದಿಲ್ಲಿಯಲ್ಲಿ ಕೂತು ಈ ಮನುಷ್ಯ ಏನು ಮಾಡುತ್ತಾರೆ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಅಲ್ಲಿ ಮುದ್ದೆ ಸಿಗುತ್ತದೆಯೇ ಎಂದು ನನಗೆ ವಿಪರೀತ ಕುತೂಹಲ. ಅಪ್ಪನನ್ನು ಕೇಳಿದರೆ, "ನಿಂಗ್ಯಾಕವ್ವ ಅದೆಲ್ಲ, ತೆಪ್ಪಗೆ ಉಣ್ಣು" ಅನ್ನುತ್ತಿದ್ದ.

ನನಗೆ ಕೊಳ್ಳೇಗಾಲದಲ್ಲಿ ಡಿಗ್ರಿ ಓದಬೇಕಿತ್ತು. ನಮ್ಮೂರು ಅಜ್ಜೀಪುರದಿಂದ ಬೆಳಿಗ್ಗೆ ಹೋಗಲು ಬಸ್ಸಿರಲಿಲ್ಲ. ಬೆಟ್ಟದಿಂದ ಬರುವ ಬಸ್ಸು ತುಂಬಿಕೊಂಡು ಬಂದು ನಿಲ್ಲದೆ ಹೋಗುತ್ತಿತ್ತು. "ಬಸ್ ಬಂದ್ರೆ ಓಗು, ಇಲ್ದಿದ್ರೆ ಮನೇಲಿರು" ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟ.

ಅಷ್ಟರಲ್ಲಿ ಎಂಪಿ ಊರಿಗೆ ಬರುವ ಸುದ್ದಿ ಬಂತು. ಬೆಳಗಿನ ಬಸ್ಸು ಬೇಕೆಂದು ಅರ್ಜಿ ಬರೆದೆ. ಪಕ್ಕದ ಮನೆಯ ಮಾವ ಒಂದು ಉಪಾಯ ಹೇಳಿದ: "ಕೈಗೆ ಕೊಟ್ರೆ ಪಿಎ ಚೀಲಕ್ ಓಯ್ತದೆ ಕಣವ್ವ. ಶಾಲ್ ಆದ್ರೆ ಸೀದಾ ಅವ್ರ್ ಮನೆಗೇ ಓಯ್ತದೆ." ಊರವರು ಹೊದಿಸಲು ತಂದಿದ್ದ ಶಾಲಿನ ಮಡಿಕೆಯೊಳಗೆ ಅರ್ಜಿ ಇಟ್ಟು, ನಾನೇ ನಾಲ್ಕು ಹೊಲಿಗೆ ಹಾಕಿದೆ. ಎಂಥ ಬುದ್ಧಿವಂತೆ ನಾನು ಎಂದು ರಾತ್ರಿಯಿಡೀ ಬೀಗಿದ್ದೇ ಬೀಗಿದ್ದು. ಮರುದಿನ ಶಾಲು ಎಂಪಿಯ ಹೆಗಲೇರಿ ಊರು ಬಿಟ್ಟಿತು.

ಬಸ್ಸು ಬರಲಿಲ್ಲ. ಮಳೆಗಾಲ ಕಳೆಯಿತು, ಕಾಲೇಜಿಗೆ ಸೇರುವ ದಿನವೂ ಕಳೆಯಿತು. ಮುಂದೆ ಮದುವೆಯಾಗಿ ಬಂಡಳ್ಳಿಗೆ ಬಂದೆ, ಅಂಗನವಾಡಿ ಟೀಚರಾದೆ. ಒಂದು ಚುನಾವಣೆಯಲ್ಲಿ ಅದೇ ಎಂಪಿ ಓಟು ಕೇಳುತ್ತಾ ನಮ್ಮ ಬಾಗಿಲಿಗೇ ಬಂದರು.

"ನಮ್ಮೂರ್ ಬಸ್ ಏನಾಯ್ತು ಸಾ?" ಎಂದೆ.

"ಯಾವ ಬಸ್ಸವ್ವ?"

ಎಷ್ಟು ಚೆನ್ನಾಗಿ ನಾಟಕ ಆಡ್ತಾನಪ್ಪ ಈ ಮುದುಕ ಎಂದು ಮೈಯೆಲ್ಲ ಉರಿಯಿತು. ಮುಖದ ಮೇಲೇ ಬಾಗಿಲು ಹಾಕಿದೆ. ಆ ಸಲ ಅವರು ಸೋತರು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

ಹೋದ ವರ್ಷ ಮನೆಮನೆ ಸರ್ವೆಗೆಂದು ಊರ ಆಚೆ ಬೀದಿಯ ಅಜ್ಜಿಯೊಬ್ಬರ ಮನೆಗೆ ಹೋದೆ. ಆಧಾರ್ ಕೇಳಿದರೆ, ಟ್ರಂಕಿನಿಂದ ಕಾಗದದ ಕಟ್ಟನ್ನೇ ತೆಗೆದು ಮುಂದಿಟ್ಟರು. ಅದರಲ್ಲೊಂದು ಹಳದಿಯಾದ ಹಾಳೆ, ಮೇಲೆ ನನ್ನದೇ ಕೈಬರಹ!

"ಇದೆಲ್ಲಿತ್ತಜ್ಜಿ?"

"ಎಂಪಿ ಸಾಹೇಬ್ರು ನಂಗೆ ಶಾಲ್ ಒದಿಸಿದ್ರಲ್ಲ, ಅದ್ರೊಳ್ಗೆ. ನಂಗೇ ಅಂತ ಬರ್ದವ್ರೆ ಅಂದ್ಕಂಡು ಯಾರ್ಗೂ ತೋರ್ಸಿಲ್ಲ ಕಣವ್ವ."

ಒಂದೂರಲ್ಲಿ ಹೊದಿಸಿದ ಶಾಲನ್ನು ಮಡಿಕೆಯೂ ಬಿಚ್ಚದೆ ಮುಂದಿನ ಊರಿನ ಹಿರಿಯ ಜೀವಕ್ಕೆ ಹೊದಿಸಿ ಹೋಗುವುದು ಅವರ ಪದ್ಧತಿಯಂತೆ. ಅಷ್ಟೂ ವರ್ಷ ಯಾವ ಶಾಲನ್ನೂ ಅವರು ಮನೆಗೆ ಒಯ್ದಿರಲಿಲ್ಲ.

ಅದು ನಾನು ಬರೆದ ಅರ್ಜಿಯೆಂದು ನಿಜ ಹೇಳಿದೆ. ಅಜ್ಜಿ ತಲೆ ಮೇಲೆ ಕೈಹೊತ್ತರು. "ಅಯ್ಯೋ ಮಗಾ, ಮೊದ್ಲು ಓಗಿ ಅವ್ರುಗ್ ಕೊಟ್ಬುಡು!"

ಭಾನುವಾರ ಯಳಂದೂರಿಗೆ ಹೋದೆ. ಸೋತ ಮೇಲೆ ಅವರು ಅಲ್ಲಿದ್ದರು. ಒಂದು ಕಾಲಕ್ಕೆ ಕಾಲಿಡಲು ಜಾಗವಿರದ ಜಗಲಿಯಲ್ಲಿ ಒಬ್ಬರೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಾಗಿಲು ಹಾಕಿದ್ದಕ್ಕೆ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಎದುರಿಗೆ ನಿಂತಾಗ ಮಾತಿನ ಬದಲು ಅರ್ಜಿಯನ್ನೇ ಕೊಟ್ಟೆ.

ಕಣ್ಣಿನ ಹತ್ತಿರ ಹಿಡಿದು ಪೂರ್ತಿ ಓದಿದರು. ಒಳಗಿನಿಂದ ಪೆನ್ನು ತರಿಸಿಕೊಂಡರು. ಮೂಲೆಯಲ್ಲಿ "ತುರ್ತು. ಬೆಳಗಿನ ಬಸ್ಸು ಬಿಡಿ" ಎಂದು ಬರೆದು ರುಜು ಹಾಕಿದರು. ಆ ರುಜುವಿಗೆ ಈಗ ಯಾವ ಬಸ್ಸೂ ಹೊರಡುವುದಿಲ್ಲವೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಹಾಳೆ ವಾಪಸು ಕೊಡುತ್ತಾ ಕೇಳಿದರು: "ಕಾಲೇಜು ಯಾವತ್ತಿಂದ ಮಗಾ?"

ನನ್ನ ಮಗಳೇ ಈಗ ಹೈಸ್ಕೂಲಿನಲ್ಲಿದ್ದಾಳೆ.

"ಸೋಮವಾರದಿಂದ ಸಾ" ಎಂದೆ.