ನಿಂತುಹೋದ ಬಸ್ಸೂ ನನ್ನ ಅಮೋಘ ಭಾಷಣವೂ

ಕಳೆದ ವರ್ಷ ನಾನು ಹಿರೋಷಿಮಾದ ಒಂದು ಆರ್ಥಿಕ ನೀತಿ ಸಂಶೋಧನಾ ಕೇಂದ್ರದಲ್ಲಿ ಕಿರಿಯ ಸಂಶೋಧಕನಾಗಿ ಸೇರಿದೆ. ಜನ ಖಾಲಿಯಾಗುತ್ತಿರುವ ಗುಡ್ಡದ ಊರುಗಳನ್ನು ಉಳಿಸುವುದು ಹೇಗೆಂದು, ಆ ಊರುಗಳಲ್ಲಿ ಒಂದು ದಿನವೂ ಬಾಳದ ನಾವು ವರದಿ ಬರೆಯುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಒಂದು ಬಸ್ಸು. ಅದನ್ನು ನಿಲ್ಲಿಸಿ, ಮೊಬೈಲ್ ಆ್ಯಪ್‌ನಲ್ಲಿ ಕರೆಸಿಕೊಳ್ಳುವ ಟ್ಯಾಕ್ಸಿ ಬಿಡಬಹುದೇ ಎಂದು ನೋಡಬೇಕಿತ್ತು.

ಸಮೀಕ್ಷೆಗೆ ಹೋದ ದಿನ ಬಸ್ಸಿನಲ್ಲಿ ಪಕ್ಕ ಕೂತವರು ಒಗಾವಾ-ಸಾನ್, ಅಂದರೆ ಒಗಾವಾ ಅವರು. ಎಂಬತ್ತು ದಾಟಿದ ಅಜ್ಜಿ. ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿದ್ದ ಗಂಡನನ್ನು ನೋಡಲು ದಿನವೂ ಹೋಗುತ್ತಿದ್ದರು.

"ಬಸ್ ನಿಂತರೆ ಏನು ಮಾಡ್ತೀರಿ?" ಎಂದೆ.

"ಆಸ್ಪತ್ರೆ ಹತ್ತಿರವೇ ಒಂದು ಕೋಣೆ ಹಿಡೀತೀನಪ್ಪ. ಆ ಫೋನ್ ಒತ್ತೋದೆಲ್ಲ ನನ್ನ ಕೈಲಾಗಲ್ಲ."

ಬಸ್ಸಿನಲ್ಲಿದ್ದ ಉಳಿದ ಅಜ್ಜಿಯರದೂ ಹೆಚ್ಚುಕಡಿಮೆ ಅದೇ ಮಾತು. ಅಂದರೆ ಬಸ್ಸು ಹೋದರೆ ಅದರ ಹಿಂದೆಯೇ ಊರೂ ಹೊರಡುತ್ತದೆ! ಬ್ರಹ್ಮಾಸ್ತ್ರ ಸಿಕ್ಕಿತೆಂದು, ಯಾರಿಗೂ ಬಾಯಿಬಿಡದೆ ಅಂತಿಮ ಸಭೆಗೆ ಕಾದಿಟ್ಟೆ. ನನಗೆ ಗೊತ್ತಿದ್ದ ಬೆಂಗಳೂರಿನ ಸಭೆಗಳಲ್ಲಿ ಗಟ್ಟಿ ಗಂಟಲಿನವನದೇ ಗೆಲುವು.

ಸಭೆಯಲ್ಲಿ ನಮ್ಮ ಕಾಲೇಜಿನ ಎಕನಾಮಿಕ್ಸ್ ಮೇಷ್ಟ್ರ ಧಾಟಿಯಲ್ಲಿ ಕೈ ಬೀಸಿ, ನನ್ನ ಹರಕುಮುರುಕು ಜಪಾನೀಸ್‌ನಲ್ಲಿ ಗರ್ಜಿಸಿದೆ. ಎಲ್ಲರೂ "ನರುಹೊದೊ", ಹೌದಲ್ಲ, ಎಂದು ತಲೆಯಾಡಿಸಿದರು. ಗೆದ್ದೆನೆಂದು ಕೂತೆ. ಮುಖ್ಯಸ್ಥ ಮೊರಿತಾ-ಸಾನ್ ಹಲ್ಲಿನ ಸಂದಿಯಲ್ಲಿ 'ಸ್ಸ್' ಎಂದು ಉಸಿರೆಳೆದರು. ಪಾರ್ಟಿಗಳಲ್ಲಿ ನಾನು ಅನುಕರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದ ಸದ್ದು ಅದು; ಅದರರ್ಥ ನಯವಾದ 'ಆಗದು' ಎಂದು ಮಾತ್ರ ಗೊತ್ತಿರಲಿಲ್ಲ. ಆಮೇಲೆ ಮೊದಲೇ ಅಚ್ಚಾಗಿದ್ದ ನಿರ್ಣಯ ಓದಿದರು. ಬಸ್ ರದ್ದು.

ಕಾರಿಡಾರಿನಲ್ಲಿ ಅವರನ್ನು ಅಡ್ಡಗಟ್ಟಿ ಕೇಳಿದೆ, "ನಾನು ಹೇಳಿದ್ದು ತಪ್ಪೇ?"

"ತಪ್ಪಲ್ಲ, ತಡ. ಹೋದ ವಾರವೇ ಒಬ್ಬೊಬ್ಬರ ಮೇಜಿಗೂ ಹೋಗಿ ಒಪ್ಪಿಗೆ ಪಡೆದಾಗಿತ್ತು. ಇವತ್ತು ಬದಲಿಸಿದರೆ ಒಪ್ಪಿದವರಿಗೆಲ್ಲ ಮುಖಭಂಗ."

"ಹಾಗಾದರೆ ಸಭೆ ಯಾಕೆ?"

"ಒಪ್ಪಿದ್ದೇವೆಂದು ಒಪ್ಪಿಕೊಳ್ಳಲು."

ಇಲ್ಲೇ ಪಿಎಚ್‌.ಡಿ ಮಾಡುತ್ತಿರುವ ಮೈಸೂರಿನ ಗೆಳತಿ ಶ್ವೇತಾ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. "ಲೋ, ಮೀಟಿಂಗಲ್ಲಿ ಹೊಸ ವಿಷಯ ತೆಗೆದ್ಯಾ? ಧಾರೆ ಎರೆಯೋ ಹೊತ್ತಲ್ಲಿ ಹೆಣ್ಣು ನೋಡೋಕೆ ಹೋದಂಗಾಯ್ತು!"

ಬಸ್ ನಿಂತಿತು. ಒಗಾವಾ-ಸಾನ್ ಮನೆಗೆ ಬೀಗ ಹಾಕಿ ಪಟ್ಟಣಕ್ಕೆ ಇಳಿದರು. ಈ ವರ್ಷ ನನಗೆ ಹೊಸ ಕೆಲಸ ಬಂದಿದೆ: ಆ ಊರಿನ ಜನ ದಿಢೀರನೆ ಏಕೆ ಊರು ಬಿಡುತ್ತಿದ್ದಾರೆ, ಪತ್ತೆ ಹಚ್ಚಬೇಕಂತೆ!

ಸತ್ಯ ಸಿಕ್ಕ ದಿನವೇ ಅದನ್ನು ಹೊತ್ತು ಮೇಜಿನಿಂದ ಮೇಜಿಗೆ ಅಲೆಯಬೇಕು; ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಈಗ ಅಲೆಯುತ್ತಿದ್ದೇನೆ. "ಸುಮಿಮಾಸೆನ್", ಕ್ಷಮಿಸಿ, "ಬಸ್ ಮತ್ತೆ ಬಿಡಿ" ಎಂದು ಸೊಂಟ ಬಗ್ಗಿಸುತ್ತೇನೆ. ಎಲ್ಲರೂ ಒಪ್ಪುತ್ತಿದ್ದಾರೆ. ಹತ್ತುವವರು ಮಾತ್ರ ಆ ಊರಲ್ಲಿ ಉಳಿದಿಲ್ಲ.