ಎರಡನೇ ದರ್ಜೆಯ ಹನ್ನೆರಡು ತಂಡಗಳು, ಒಂದು ಜುಲೈ ರಜೆ

ಭಾನುವಾರ ಬೆಳಿಗ್ಗೆ ಆಫೀಸಿಗೆ ಬಂದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಬಿಳಿ ಬೋರ್ಡು ಒರೆಸುವುದು. ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗುಗಳ ಪಂಪು, ವಾಲ್ವು ರಿಪೇರಿ ಮಾಡುವ ವರ್ಕ್‌ಶಾಪು ನಮ್ಮದು. ಬೋರ್ಡಿನ ಎಡಗಡೆ ಆ ವಾರದ ಕೆಲಸಗಳ ಪಟ್ಟಿ. ಬಲಗಡೆ ಇಂಗ್ಲೆಂಡಿನ ರಗ್ಬಿ ಯೂನಿಯನ್ ಲೀಗಿನ ಅಂಕಪಟ್ಟಿ, ಅದೂ ಎರಡನೇ ದರ್ಜೆಯದು. ಪಂದ್ಯಗಳು ಶನಿವಾರ ಮುಗಿಯುತ್ತಿದ್ದವು, ಬಹ್ರೇನ್‌ನಲ್ಲಿ ವಾರ ಭಾನುವಾರ ಶುರುವಾಗುತ್ತಿತ್ತು. ನಮ್ಮ ಇಂಗ್ಲಿಷ್ ಮ್ಯಾನೇಜರ್ ಚಹಾದ ಕಪ್ಪು ಹಿಡಿದು ಅಂಕಗಳನ್ನು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಆಫೀಸಿನಲ್ಲಿ ನೆಟ್ಟಗಿನ ಅಕ್ಷರ ನನ್ನದೊಂದೇ.

ಆ ಅಂಕಪಟ್ಟಿ ನಮ್ಮ ಬೋರ್ಡಿಗೆ ಬಂದದ್ದಕ್ಕೆ ರಜೆಯ ಜಗಳ ಕಾರಣ. ಬೇಸಿಗೆಯಲ್ಲಿ ನಮ್ಮ ಮೂವರಲ್ಲಿ ಒಂದು ಸಲಕ್ಕೆ ಒಬ್ಬರು ಮಾತ್ರ ಊರಿಗೆ ಹೋಗಬಹುದಿತ್ತು. ಒಬ್ಬರು ಸ್ಟೋರ್‌ಕೀಪರ್, ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಐವತ್ತು ದಾಟಿದವರು, ನಾನು ಅಂಕಲ್ ಎನ್ನುತ್ತಿದ್ದೆ. ಇನ್ನೊಬ್ಬ ಖರೀದಿ ನೋಡಿಕೊಳ್ಳುವ ಲಾಹೋರಿನವನು, ಇಬ್ಬರು ಮಕ್ಕಳ ತಂದೆ. ಮೂರನೆಯವನು ನಾನು, ದಾವಣಗೆರೆಯವನು, ಎಲ್ಲರಿಗಿಂತ ಕಿರಿಯ. ಸೇವಾವಧಿಯ ಲೆಕ್ಕದಲ್ಲಿ ಆಯ್ಕೆ ನಡೆಯುತ್ತಿದ್ದರಿಂದ ನನಗೆ ಉಳಿಯುತ್ತಿದ್ದದ್ದು ಯಾರಿಗೂ ಬೇಡವಾದ ದಿನಗಳು.

ಆ ವರ್ಷ ಮ್ಯಾನೇಜರ್ ಹೊಸ ಏರ್ಪಾಡು ಮಾಡಿದರು. ಲೀಗಿನಲ್ಲಿ ಹನ್ನೆರಡು ತಂಡ. ಚೀಟಿ ಎತ್ತಿದರೆ ಒಬ್ಬೊಬ್ಬರಿಗೆ ನಾಲ್ಕು. ಯಾರ ತಂಡ ಗೆದ್ದು ಮೇಲಿನ ದರ್ಜೆಗೆ ಹೋಗುತ್ತದೋ ಅವರು ರಜೆಯನ್ನು ಮೊದಲು ಆರಿಸಬೇಕು. ಉಳಿದವರಿಗೆ ಹಳೆಯ ಕ್ರಮ.

ನನಗೆ ಜುಲೈ ಮೊದಲ ಹದಿನೈದು ದಿನ ಬೇಕೇ ಬೇಕಿತ್ತು. ತಂಗಿ ಸಿಇಟಿ ಬರೆಯುವವಳಿದ್ದಳು. ಕೌನ್ಸೆಲಿಂಗಿಗೆ ಬೆಂಗಳೂರಿಗೆ ಹೋಗಿ, ಕಂಪ್ಯೂಟರಿನ ಮುಂದೆ ಕುಳಿತು, ಕೆಲವೇ ನಿಮಿಷಗಳಲ್ಲಿ ಕಾಲೇಜು ಆರಿಸಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯ ಕಾಗದಪತ್ರವೆಲ್ಲ ನನ್ನ ಕೈಯಲ್ಲೇ. ಜಾತಿ ಪ್ರಮಾಣಪತ್ರ ಯಾವ ಕವರಿನಲ್ಲಿದೆ, ಎಷ್ಟು ಜೆರಾಕ್ಸ್ ಉಳಿದಿವೆ ಎಂಬುದು ಅಮ್ಮನಿಗೂ ಗೊತ್ತಿರಲಿಲ್ಲ. ನಾನಿಲ್ಲದೆ ತಂಗಿ ತಪ್ಪು ಸೀಟು ತೆಗೆದುಕೊಂಡುಬಿಡುತ್ತಾಳೆ ಎಂದು ನನಗೆ ಖಾತ್ರಿಯಿತ್ತು.

ಚೀಟಿಗಳನ್ನು ಬರೆದವನು ನಾನೇ. ನನಗೆ ಬಂದ ನಾಲ್ಕರಲ್ಲಿ ಒಂದು ದೊಡ್ಡ ಹೆಸರಿನ ತಂಡ. ಅಂಕಲ್‌ಗೆ ಬಂದದ್ದರಲ್ಲಿ ಮ್ಯಾನೇಜರ್ ಅವರ ಸ್ವಂತ ಊರಿನ ತಂಡವಿತ್ತು, ಮೇಲಿನ ದರ್ಜೆಯನ್ನು ಒಮ್ಮೆಯೂ ಕಾಣದ್ದು. ಮ್ಯಾನೇಜರ್ ಆ ಚೀಟಿ ನೋಡಿ ಅಂಕಲ್ ಬೆನ್ನು ತಟ್ಟಿದರು. ಅವತ್ತು ಸಂಜೆ ಡೈರಿಯ ಕೊನೆಯ ಹಾಳೆಗಳಲ್ಲಿ ನಾನು ಒಂದು ಹೊಸ ಪಟ್ಟಿ ತೆರೆದೆ. ತಲೆಬರಹ: ಅನುಮಾನಗಳು. ಒಂದನೆಯದು: ಬೆನ್ನು ತಟ್ಟಿದ್ದು.

ಎರಡನೆಯದು ಮೂರನೇ ವಾರಕ್ಕೇ ಬಂತು. ಮ್ಯಾನೇಜರ್ ಊರಿನ ಆ ಅಂಕಲ್ ತಂಡ ಸೋತಿತ್ತು, ಆದರೂ ಮ್ಯಾನೇಜರ್ ಅದಕ್ಕೆ ಒಂದು ಅಂಕ ಹೇಳಿದರು.

"ಸೋತಿದ್ದಾರಲ್ಲ ಸರ್?" ಎಂದೆ.

"ಚೆನ್ನಾಗಿ ಸೋತಿದ್ದಾರೆ," ಎಂದರು.

ಬರೆದೆ. ಮಧ್ಯಾಹ್ನ ಇಂಟರ್‌ನೆಟ್ಟಿನಲ್ಲಿ ನಿಯಮ ಹುಡುಕಿದೆ. ಗೆದ್ದರೆ ನಾಲ್ಕು, ಸಮವಾದರೆ ಎರಡು, ಎದುರಾಳಿಯ ಗೆರೆಯಾಚೆ ಚೆಂಡು ಊರಿ ನಾಲ್ಕು ಟ್ರೈ ಹೊಡೆದರೆ ಒಂದು ಹೆಚ್ಚು, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತರೂ ಒಂದು. ಅವರು ಹೇಳಿದ್ದು ಸರಿಯಿತ್ತು. ಆದರೂ ಡೈರಿಯಿಂದ ಆ ಸಾಲನ್ನು ಹೊಡೆದುಹಾಕಲಿಲ್ಲ. ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸ ನನಗಿಲ್ಲ. ನಿಯಮ ಸರಿಯಿದ್ದ ಮಾತ್ರಕ್ಕೆ ಮನಸ್ಸೂ ಸರಿಯಿರಬೇಕೆಂದೇನಿಲ್ಲ ಎಂದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಸೇರಿಸಿದೆ.

ಅಂಕಲ್ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಅಸಮಾಧಾನವಿತ್ತು. ಸ್ಟೋರಿನಲ್ಲಿ ಒಳ್ಳೆಯ ಸಾಮಾನು ಯಾವುದು ಬಂದರೂ ಅದಕ್ಕೆ ಕೆಂಪು ಚೀಟಿ ಕಟ್ಟಿ ತಮ್ಮ ನೌಕರ ಸಂಖ್ಯೆ ಬರೆದುಬಿಡುತ್ತಿದ್ದರು. ಹೋಲ್ಡ್ ಚೀಟಿ ಎಂದು ಅದರ ಹೆಸರು. ಚೀಟಿ ಇದ್ದರೆ ಬೇರೆ ಯಾರೂ ಮುಟ್ಟುವಂತಿಲ್ಲ. ಒಮ್ಮೆ ಒಂದು ಪಂಪಿನ ಸೀಲಿಗೆ ಅವರ ಸಂಖ್ಯೆ ನೋಡಿ ಕೇಳಿದ್ದೆ.

"ಅಂಕಲ್, ನೀವು ಪಂಪ್ ಬಿಚ್ಚೋರಲ್ಲ. ನಿಮಗ್ಯಾಕೆ ಸೀಲು?"

"ನನಗೆ ಎಂತಕ್ಕೆ ಮಾರಾಯ? ಫಿಟ್ಟರ್ ನಾಡಿದ್ದು ಬರ್ತಾನೆ. ಅವನ ಫಾರ್ಮ್ ಇನ್ನೂ ಸಹಿ ಆಗ್ಲಿಲ್ಲ. ಅಷ್ಟರೊಳಗೆ ಆ ಲಾಹೋರಿ ಇದನ್ನು ಬೇರೆ ಹಡಗಿಗೆ ಕೊಟ್ಟುಬಿಟ್ರೆ?"

"ಹಾಗಾದ್ರೆ ಫಿಟ್ಟರ್ ನಂಬರ್ ಬರೀಬೇಕಲ್ವಾ?"

"ಅವನ ನಂಬರಿಗೆ ಯಾರು ಹೆದರ್ತಾರೆ ಶಾನುಭೋಗರೇ? ಬರ್ಕೊಳ್ಳಿ, ಅದನ್ನೂ ನಿಮ್ಮ ಪುಸ್ತಕದಲ್ಲಿ ಬರ್ಕೊಳ್ಳಿ."

ಶಾನುಭೋಗ ಎಂಬುದು ನನ್ನ ಡೈರಿ ನೋಡಿ ಅವರೇ ಇಟ್ಟ ಹೆಸರು. ಬರೆದುಕೊಂಡೆ. ಆದರೆ ಬರೆದದ್ದು 'ಸಾಮಾನು ಕೂಡಿಡುತ್ತಾರೆ' ಎಂದು.

ಫೆಬ್ರವರಿಯಲ್ಲಿ ಎಲ್ಲ ತಂಡಗಳೂ ಒಬ್ಬರೊಂದಿಗೊಬ್ಬರು ಎರಡೆರಡು ಸಲ ಆಡಿ ಮುಗಿಸಿದಾಗ ನನ್ನ ದೊಡ್ಡ ಹೆಸರಿನ ತಂಡ ಪಟ್ಟಿಯ ಮೇಲ್ತುದಿಯಲ್ಲಿತ್ತು. ಅಂಕಲ್ ತಂಡ ಎರಡನೆಯದು. ನಾನು ಆ ಸಂಜೆಯೇ ಮನೆಗೆ ಫೋನು ಮಾಡಿ, ಜುಲೈಗೆ ಬರುವುದು ಖಚಿತ ಎಂದೆ. ತಂಗಿ, "ಬಾರಣ್ಣ, ಆದ್ರೆ ಟೆನ್ಷನ್ ಮಾಡ್ಕೋಬೇಡ," ಎಂದಳು. ಟೆನ್ಷನ್ ಅವಳಿಗಿರಬೇಕಾದದ್ದು ಎಂದುಕೊಂಡೆ.

ಭಾನುವಾರ ಬೋರ್ಡಿನ ಮೇಲೆ ನನ್ನ ತಂಡದ ಕೆಳಗೆ ಗೆರೆ ಎಳೆಯುತ್ತಿದ್ದಾಗ ಮ್ಯಾನೇಜರ್ ಕೈ ಅಡ್ಡ ಹಿಡಿದರು. "ಈಗ ತಾನೇ ಶುರು," ಎಂದರು. ಆ ವರ್ಷದಿಂದ ಪದ್ಧತಿ ಬದಲಾಗಿತ್ತು. ಮೊದಲ ಎಂಟು ತಂಡಗಳು ಎರಡು ಗುಂಪಾಗಿ ಮತ್ತೆ ಆಡಬೇಕು, ಆಮೇಲೆ ಸೆಮಿಫೈನಲ್, ಆಮೇಲೆ ಎರಡು ಪಂದ್ಯಗಳ ಫೈನಲ್. ತುದಿಯಲ್ಲಿ ನಿಂತದ್ದಕ್ಕೆ ಬಹುಮಾನವೇ ಇಲ್ಲ.

ಇಡೀ ಚಳಿಗಾಲ ನಾನು ಬರೆದ ಅಂಕಪಟ್ಟಿ ಬರೀ ಪ್ರವೇಶ ಪರೀಕ್ಷೆಯಾಗಿತ್ತೆಂದು ಯಾರೂ ನನಗೆ ಹೇಳಿರಲಿಲ್ಲ. ಅಂಕಲ್ ಮುಖ ನೋಡಿದೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತಾ?"

"ಕೇಳಿದ್ದೆ. ನೀನು ಬರೆಯುವವ, ನಿನಗೆ ಗೊತ್ತಿರ್ತದೆ ಅಂದ್ಕೊಂಡೆ."

ಅನುಮಾನ ಒಂಬತ್ತು.

ಏಪ್ರಿಲ್‌ನಿಂದ ನಾನು ಬೋರ್ಡಿನ ಪ್ರತಿಯನ್ನು ಮನೆಗೆ ಒಯ್ಯತೊಡಗಿದೆ. ಮ್ಯಾನೇಜರ್ ಹೇಳಿದ ಅಂಕ ಒಂದು ಸಾಲಿನಲ್ಲಿ, ಇಂಟರ್‌ನೆಟ್ಟಿನ ಅಂಕ ಇನ್ನೊಂದು ಸಾಲಿನಲ್ಲಿ. ವ್ಯತ್ಯಾಸ ಸಿಕ್ಕಿದ್ದು ಒಮ್ಮೆ ಮಾತ್ರ, ಅದೂ ನಾನೇ ತಪ್ಪು ಬರೆದುಕೊಂಡದ್ದು. ಅಂಕಲ್ ಮತ್ತು ಲಾಹೋರಿನವನು ಚಹಾ ಕುಡಿಯುತ್ತ ಮಾತಾಡಿದ್ದನ್ನೂ ಎಣಿಸಿದೆ. ನಾನು ಹತ್ತಿರ ಹೋದಾಗ ಮಾತು ನಿಲ್ಲುತ್ತಿತ್ತು. ನಾಲ್ಕು ಸಲ.

ಸೆಮಿಫೈನಲ್ ಮುಗಿದಾಗ ಲಾಹೋರಿನವನ ತಂಡಗಳೆಲ್ಲ ಹೊರಬಿದ್ದಿದ್ದವು. ಫೈನಲ್ಲಿಗೆ ನನ್ನ ತಂಡ ಮತ್ತು ಅಂಕಲ್ ತಂಡ. ಮರುದಿನ ಮ್ಯಾನೇಜರ್ ಕೋಣೆಗೆ ಫೈಲು ಇಡಲು ಹೋದೆ. ಬಾಗಿಲ ಹಿಂದೆ ರಜೆಯ ಚಾರ್ಟು ತೂಗುಹಾಕಿತ್ತು. ಜುಲೈ ಮೊದಲ ಎರಡು ವಾರಗಳ ಚೌಕದಲ್ಲಿ ಪೆನ್ಸಿಲಿನಿಂದ ಅಂಕಲ್ ಅವರ ನೌಕರ ಸಂಖ್ಯೆ.

ಫೈನಲ್ ಇನ್ನೂ ಆಗಿರಲಿಲ್ಲ.

ಊಟದ ಹೊತ್ತಿನಲ್ಲಿ ನಾನು ಕಂಪ್ಯೂಟರಿನ ಮುಂದೆ ಕುಳಿತು ಒಂದು ಪತ್ರ ಟೈಪು ಮಾಡಿದೆ. ಮೂರು ಅಂಶ. ಒಂದು, ಫೈನಲ್ ಮುಗಿಯುವ ತನಕ ಚಾರ್ಟಿನಲ್ಲಿ ಯಾರ ಸಂಖ್ಯೆಯೂ ಇರಬಾರದು. ಎರಡು, ಗೆದ್ದವರು ತಾವು ಆರಿಸಿದ ರಜೆಯನ್ನು ತಾವೇ ಬಳಸಬೇಕು, ಮತ್ತೊಬ್ಬರಿಗೆ ಬಿಟ್ಟುಕೊಡುವಂತಿಲ್ಲ. ಮೂರು, ಆಮೇಲೆ ಅದಲುಬದಲು ಇಲ್ಲ. ಎರಡನೆಯದನ್ನು ಬರೆಯುವಾಗ ನನ್ನ ಕಣ್ಣಮುಂದಿದ್ದವನು ಲಾಹೋರಿನವನು. ಅಂಕಲ್ ಗೆದ್ದರೆ ಜುಲೈಯನ್ನು ಅವನಿಗೆ ಕೊಡುವುದೆಂದು ಒಪ್ಪಂದವಾಗಿದೆ, ಆ ನಾಲ್ಕು ಚಹಾಗಳು ಅದಕ್ಕೇ ಎಂದು ನಾನು ತೀರ್ಮಾನಿಸಿದ್ದೆ.

ಮ್ಯಾನೇಜರ್ ಓದಿ, "ನ್ಯಾಯವಾಗಿದೆ," ಎಂದರು. ಚಾರ್ಟನ್ನು ರಬ್ಬರಿನಿಂದ ಉಜ್ಜಿ, ಪತ್ರವನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಎಲ್ಲರೂ ಸಹಿ ಹಾಕಿ ಎಂದರು. ಲಾಹೋರಿನವನು ಸಂತೋಷದಿಂದ ಹಾಕಿದ. ಅಂಕಲ್ ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು. ನನ್ನನ್ನು ನೋಡಿದರು. ಸಹಿ ಹಾಕಿ ಸ್ಟೋರಿಗೆ ಹೋದರು.

ಫೈನಲ್ ಎರಡು ಬುಧವಾರ ನಡೆಯಿತು. ಮೊದಲ ಪಂದ್ಯ ಅವರ ಮೈದಾನದಲ್ಲಿ. ಗುರುವಾರ ಬೆಳಿಗ್ಗೆ ನೋಡಿದರೆ ನಾವು ಮೂರೇ ಅಂಕಗಳಿಂದ ಹಿಂದೆ. ಎರಡನೆಯದು ನಮ್ಮ ಮೈದಾನದಲ್ಲಿ, ಆದ್ದರಿಂದ ಆ ವಾರ ನಾನು ವಿಮಾನಗಳ ಸಮಯ ನೋಡಿಟ್ಟುಕೊಂಡೆ. ಮುಂದಿನ ಗುರುವಾರ ಮ್ಯಾನೇಜರ್ ಆಫೀಸಿಗೆ ಬಂದದ್ದು ತಮ್ಮೂರಿನ ತಂಡದ ಮಫ್ಲರ್ ಸುತ್ತಿಕೊಂಡು, ಮೇ ತಿಂಗಳ ಬಿಸಿಲಿನಲ್ಲಿ. ಅಂಕ ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ. ಬೋರ್ಡಿನ ಮೇಲೆ ನಾನು ಅಂಕಲ್ ತಂಡದ ಕೆಳಗೆ ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು.

ಮ್ಯಾನೇಜರ್ ಚಾರ್ಟು ತಂದು ಮೇಜಿನ ಮೇಲೆ ಹಾಸಿದರು. "ಚಾಂಪಿಯನ್ ಹೇಳಲಿ."

ಅಂಕಲ್ ಚಾರ್ಟು ನೋಡಲೂ ಇಲ್ಲ. "ಸೆಪ್ಟೆಂಬರ್. ತೆನೆ ಹಬ್ಬಕ್ಕೆ ಮನೆಯಲ್ಲಿರಬೇಕು."

"ಜುಲೈ?" ಎಂದೆ. ಬಾಯಿತಪ್ಪಿ ಬಂದ ಮಾತು.

ಲಾಹೋರಿನವನು ತಕ್ಷಣ ಕೈಯೆತ್ತಿದ. ಸೇವಾವಧಿಯಲ್ಲಿ ಮುಂದಿನವನು ಅವನೇ. "ಜುಲೈ ನನ್ನದು ಯಾರ್. ಮಕ್ಕಳಿಗೆ ಸ್ಕೂಲ್ ರಜೆ. ಎರಡು ತಿಂಗಳಿಂದ ಈ ಭಾಯ್ ಹತ್ತಿರ ಬೇಡ್ತಾ ಇದ್ದೀನಿ, ಅದು ಹೋಲ್ಡ್‌ನಲ್ಲಿದೆ ಅಂತ ಒಂದೇ ಹಾಡು."

ಎಲ್ಲರೂ ಕೆಲಸಕ್ಕೆ ಮರಳಿದ ಮೇಲೆ ನಾನು ಸ್ಟೋರಿಗೆ ಹೋದೆ. ಅಂಕಲ್ ಬೇರಿಂಗುಗಳನ್ನು ಎಣ್ಣೆ ಕಾಗದದಲ್ಲಿ ಸುತ್ತುತ್ತಿದ್ದರು.

"ಯಾರಿಗೆ ಹೋಲ್ಡ್ ಮಾಡಿದ್ರಿ ಅಂಕಲ್?"

"ನಿನ್ನ ತಂಗಿಯ ಸೀಟಿನ ಸಂಗತಿ ನನಗೆ ಯಾರು ಹೇಳಿದ್ದು? ನೀನೇ ಅಲ್ವಾ?" ಅವರು ತಲೆಯೆತ್ತಲಿಲ್ಲ. "ನನ್ನ ತಂಡ ಗೆದ್ರೆ ಜುಲೈ ನಾನು ತಗೊಂಡು ನಿನಗೆ ಕೊಡ್ತಿದ್ದೆ. ನಿನ್ನದು ಗೆದ್ರೆ ನೀನೇ ತಗೊಳ್ತಿದ್ದೆ. ಸೆಮಿಫೈನಲ್ ಆದ ದಿನವೇ ನಿನ್ನ ಜುಲೈ ನಿನ್ನ ಕೈಯಲ್ಲಿತ್ತು. ಮ್ಯಾನೇಜರಿಗೂ ಹೇಳಿಟ್ಟಿದ್ದೆ, ಅವರು ನಕ್ಕು ಸುಮ್ಮನಾದ್ರು."

"ನನಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀನು ಬರ್ಕೊಳ್ತಿದ್ದೆ. ಆ ಲಾಹೋರಿ ನಿನ್ನ ಪುಸ್ತಕ ಓದಿದ್ರೆ ಮುಗೀತು. ಆಮೇಲೆ ನೀನು ಕಾನೂನೇ ಬರೆದೆ. ಒಳ್ಳೆ ಇಂಗ್ಲಿಷ್. ನನಗೆ ಎರಡು ಸಲ ಓದಬೇಕಾಯ್ತು."

ಮ್ಯಾನೇಜರ್ ಬಳಿ ಹೋಗಿ ಪತ್ರ ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಅವರು ನೋಟಿಸ್ ಬೋರ್ಡಿನತ್ತ ಬೆರಳು ತೋರಿಸಿದರು. ಕೆಳಗೆ ಮೂರು ಸಹಿ ಇದ್ದವು. ನನಗೋಸ್ಕರ ಸಡಿಲಿಸಿದರೆ ಉಳಿದವರಿಗೆ ಏನು ಹೇಳಲಿ ಎಂದು ಕೇಳಿದರು. ಅವತ್ತು ಜುಫೈರಿನ ಫ್ಲ್ಯಾಟಿಗೆ ಬಂದು ಹಳೆಯ ಡೈರಿಗಳನ್ನು ತೆಗೆದೆ. ಹಿಂದಿನ ಎರಡು ವರ್ಷಗಳ ರಜೆ ಚಾರ್ಟು ಟೈಪು ಮಾಡಿದವನು ನಾನೇ, ಅವುಗಳ ಪ್ರತಿಯೂ ನನ್ನ ಬಳಿ ಇತ್ತು. ಎರಡೂ ವರ್ಷ ಅಂಕಲ್ ರಜೆ ಸೆಪ್ಟೆಂಬರಿನಲ್ಲಿತ್ತು. ಅನುಮಾನಗಳ ಪಟ್ಟಿಯಲ್ಲಿ ಹದಿನಾಲ್ಕು ಸಾಲುಗಳಿದ್ದವು, ಈ ಒಂದು ಸಂಗತಿ ಎಲ್ಲಿಯೂ ಇರಲಿಲ್ಲ.

ಜುಲೈಯಲ್ಲಿ ತಂಗಿ ಗೆಳತಿ ಮತ್ತು ಅವಳ ತಾಯಿಯ ಜೊತೆ ಬೆಂಗಳೂರಿಗೆ ಹೋದಳು. ನಾನು ನಲವತ್ತು ಆಯ್ಕೆಗಳ ಪಟ್ಟಿಯನ್ನು ಕ್ರಮಸಂಖ್ಯೆ ಹಾಕಿ ಇಮೇಲ್ ಮಾಡಿದ್ದೆ, ಯಾವ ಪ್ರಮಾಣಪತ್ರ ಯಾವ ಕವರಿನಲ್ಲಿದೆ ಎಂದು ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದೆ. ಮಧ್ಯಾಹ್ನ ಅವಳೇ ಕರೆ ಮಾಡಿದಳು.

"ಸಿವಿಲ್ ತಗೊಂಡೆ ಅಣ್ಣ. ನಮ್ಮೂರಲ್ಲೇ."

"ಅದು ಪಟ್ಟಿಯಲ್ಲಿ ಎಷ್ಟನೇದು?"

"ಪಟ್ಟಿ ಬಸ್ಸಲ್ಲಿ ಉಳೀತು," ಎಂದಳು. "ಸಿಟ್ಟು ಬಂತಾ?"

ಪಟ್ಟಿ ನಿಜವಾಗಿಯೂ ಬಸ್ಸಿನಲ್ಲಿ ಉಳಿಯಿತೋ ಇಲ್ಲವೋ ನನಗೆ ಈಗಲೂ ಸಂಶಯ. ಸಿಟ್ಟಿಲ್ಲ ಎಂದೆ. ಅವಳು ಆರಿಸಿದ್ದು ನನ್ನ ಪಟ್ಟಿಯ ಹದಿನೇಳನೆಯದು.

ಸೆಪ್ಟೆಂಬರ್ ಕೊನೆಗೆ ಅಂಕಲ್ ಊರಿಂದ ಬಂದರು. ಹಬ್ಬದಲ್ಲಿ ಚರ್ಚಿನಲ್ಲಿ ಕೊಟ್ಟ ಹೊಸ ಭತ್ತದ ತೆನೆಯೊಂದನ್ನು ಕಾಗದದಲ್ಲಿ ಸುತ್ತಿ ತಂದು ಸ್ಟೋರಿನ ಗೋಡೆಗೆ ಸಿಕ್ಕಿಸಿದರು. ಸೀಟು ಸಿಕ್ಕಿತಾ ಎಂದು ಕೇಳಿದರು. ಸಿವಿಲ್ ಎಂದೆ. "ಒಳ್ಳೇದಾಯ್ತು, ಸೇತುವೆ ಕಟ್ಟಲಿ," ಎಂದರು. ನನ್ನ ಪತ್ರ ಇನ್ನೂ ನೋಟಿಸ್ ಬೋರ್ಡಿನಲ್ಲೇ ಇತ್ತು. ತೆಗೆಯಲು ನನಗೆ ನಾಚಿಕೆ.

ಹೊಸ ಲೀಗು ಶುರುವಾಗಿತ್ತು. ಮತ್ತೆ ಹನ್ನೆರಡು ತಂಡ, ಮತ್ತೆ ಚೀಟಿ. ಜನವರಿಯಲ್ಲಿ ಮ್ಯಾನೇಜರ್ ಹೊಸ ವರ್ಷದ ಚಾರ್ಟನ್ನು ಬಾಗಿಲ ಹಿಂದೆ ತೂಗುಹಾಕಿದರು. ಎರಡೇ ದಿನಕ್ಕೆ ಜುಲೈ ಮೊದಲ ಎರಡು ವಾರಗಳ ಚೌಕದಲ್ಲಿ ಪೆನ್ಸಿಲಿನ ಸಂಖ್ಯೆ ಕಂಡಿತು, ನನಗೆ ಬಾಯಿಪಾಠವಾಗಿದ್ದ ಅದೇ ಸಂಖ್ಯೆ. ನನಗೆ ಆ ವರ್ಷ ಜುಲೈ ಬೇಕಿರಲಿಲ್ಲ, ಅಂಕಲ್‌ಗೆ ಅದು ಗೊತ್ತಿತ್ತು.

"ಈ ಸಲ ಯಾರಿಗೆ ಅಂಕಲ್?"

"ಬೇಕಾದವರು ಬಂದಾಗ ಗೊತ್ತಾಗ್ತದೆ," ಎಂದರು.

ಸಂಜೆ ಎಲ್ಲರೂ ಹೋದ ಮೇಲೆ ಟೇಪು ಬಿಡಿಸಿ ನನ್ನ ಪತ್ರವನ್ನು ಬೋರ್ಡಿನಿಂದ ತೆಗೆದೆ, ಮಡಚಿ ಡೈರಿಯಲ್ಲಿಟ್ಟೆ. ಆ ದಿನದ ಪುಟದಲ್ಲಿ ಚಾರ್ಟಿನ ವಿಷಯ ಬರೆಯಲಿಲ್ಲ. ಮರುದಿನ ಯಾರೂ ಪತ್ರವನ್ನು ಕೇಳಲಿಲ್ಲ. ಲಾಹೋರಿನವನು ಮಾತ್ರ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿ, ನನ್ನತ್ತ ತಿರುಗಿ, ತನ್ನ ಜೇಬಿನ ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಂಡ.