ಎಡಮೂಲೆಯ ನಾಯಿ

ಪಕ್ಕದ ಮನೆಯ ಡ್ರೈವರಣ್ಣನ ಬಲಗೈ ಮೊಣಕೈವರೆಗೂ ಸುಟ್ಟ ಹಂಚಿನಷ್ಟು ಕಪ್ಪು, ಎಡಗೈ ಗೋಧಿ ಬಣ್ಣ. ವರ್ಷಗಟ್ಟಲೆ ಕಿಟಕಿಯ ಮೇಲೆ ಕೈಯಿಟ್ಟು ಬಸ್ಸು ಓಡಿಸಿದ ಗುರುತು ಅದು. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಹೋಗುವ ಬೆಳಗಿನ ಬಸ್ಸು ಅವರದು. ಹಳೇಬೀಡಿನ ಶಾಲೆಗೆ ಹೊಸದಾಗಿ ಟೀಚರಾಗಿ ಸೇರಿದ್ದ ನಾನು ಅದರಲ್ಲೇ ಓಡಾಡುತ್ತಿದ್ದೆ. ಒಂದು ಕೋಳಿಯೂ ತನ್ನ ಚಕ್ರಕ್ಕೆ ಸಿಕ್ಕಿಲ್ಲವೆನ್ನುವುದು ಅವರ ಜಂಬ. ಆ ಜಂಬ ಅವರಿಗೆ ಒಪ್ಪುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು. ಸಂಜೆ ನಮ್ಮ ಮನೆಯ ಟೀವಿಯಲ್ಲಿ ಒಂದು ಇಂಗ್ಲಿಷ್ ಕಾರ್ಟೂನು ಬರುತ್ತಿತ್ತು. ಒಬ್ಬ ಸುಳ್ಳುಬುರುಕ ಗುಮಾಸ್ತ, ಅವನ ಹೆಂಡತಿ, ಒಂದು ನಾಯಿ. ಗುಮಾಸ್ತ ಸುಳ್ಳು ಹೇಳಿದಾಗಲೆಲ್ಲ ನಾಯಿ ಖೊಕ್ ಖೊಕ್ ಎಂದು ನಗುತ್ತಿತ್ತು. ಡ್ರೈವರಣ್ಣನಿಗೆ ಇಂಗ್ಲಿಷ್ ಬಾರದು, ಆದರೆ ಆ ನಗುವಿಗಾಗಿ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಇಲ್ಲವೆಂದರೆ ಡ್ರೈವರಣ್ಣ ಕನ್ನಡಿಯಲ್ಲಿ ನನ್ನ ಕಡೆ ನೋಡಿ ಖೊಕ್ ಖೊಕ್ ಎನ್ನುತ್ತಿದ್ದರು.

ಆ ವರ್ಷ ಏನೋ ಸರಿಯಿರಲಿಲ್ಲ. ಬಸ್ಸಿನ ಎಡಗನ್ನಡಿ ಎರಡು ಸಲ ಮರಕ್ಕೆ ತಾಗಿ ಒಡೆಯಿತು. ಜಾವಗಲ್ ಹತ್ತಿರ ಸೈಕಲ್ಲಿನವನೊಬ್ಬ ಚರಂಡಿಗೆ ಹಾರಿ ಬದುಕಿದ. ಅಡ್ಡ ಬಂದನೆಂದು ಡ್ರೈವರಣ್ಣ ಅವನನ್ನೇ ಬೈದರು. ನಮ್ಮಲ್ಲಿ ಊಟಕ್ಕೆ ಕೂತರೆ ತಟ್ಟೆಯ ಎಡಗಡೆ ಬಡಿಸಿದ ಪಲ್ಯ ಹಾಗೇ ಉಳಿಯುತ್ತಿತ್ತು. ತನ್ನ ಕೈರುಚಿ ಕೆಟ್ಟಿತೇನೋ ಎಂದು ಅಮ್ಮ ನೊಂದುಕೊಂಡಳು. ಎಲ್ಲವೂ ನಮ್ಮ ಕಣ್ಣೆದುರೇ ಇದ್ದವು, ಯಾರೂ ಒಂದರ ಪಕ್ಕ ಒಂದಿಟ್ಟು ನೋಡಲಿಲ್ಲ.

ಅಷ್ಟರಲ್ಲಿ ನಾನು ಕಂಪ್ಯೂಟರ್ ಕೊಂಡು, ಅದೇ ಕಾರ್ಟೂನಿನ ವಿಡಿಯೋ ಗೇಮಿನ ಸೀಡಿ ತಂದೆ. ಗೇಮು ಸಪ್ಪೆ. ಹೇಳಿದ ಜೋಕನ್ನೇ ಹೇಳುತ್ತಿತ್ತು. ಗುಮಾಸ್ತ ಸುಳ್ಳು ಹೇಳುವುದು ಬಿಟ್ಟು ಬೀದಿಯಲ್ಲಿ ಸುಮ್ಮನೆ ಓಡುತ್ತಿದ್ದ. ಟೀವಿಯಲ್ಲಿ ನೋಡಿ ಮೆಚ್ಚಿದವರಿಗೆ ಇಂಥ ಗೇಮು ಹಿಡಿಸುವುದು ಕಷ್ಟ. ಒಂದು ಭಾನುವಾರ ಮಧ್ಯಾಹ್ನ ಡ್ರೈವರಣ್ಣ ಆಡಲು ಕೂತು, ಎಡಗಡೆಯ ಕಂಬಗಳಿಗೆಲ್ಲ ಗುಮಾಸ್ತನನ್ನು ಗುದ್ದಿಸಿ ಬೇಸರದಿಂದ ಎದ್ದರು.

"ನಾಯಿನೇ ಹಾಕಿಲ್ವಲ್ಲ ಮಿಸ್ಸು. ನಾಯಿ ಇಲ್ದಿದ್ಮೇಲೆ ಇದೆಂಥ ಆಟ?"

ತಮಾಷೆಯೆಂದು ನಕ್ಕೆ. ನಾಯಿ ಮೊದಲಿನಿಂದಲೂ ಪರದೆಯ ಎಡಮೂಲೆಯಲ್ಲೇ ಕೂತು ಬಾಲ ಆಡಿಸುತ್ತಿತ್ತು. ಅವರು ನಗಲಿಲ್ಲ. ಅವರನ್ನು ಮತ್ತೆ ಕೂರಿಸಿ, ನೆಟ್ಟಗೆ ನೋಡಲು ಹೇಳಿ, ನಾಯಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಬಲಕ್ಕೆ ತಂದೆ. ಬೆರಳು ಪರದೆಯ ನಡುವಿಗೆ ಬರುವತನಕ ಅವರಿಗೆ ಕಾಣಲಿಲ್ಲ. ಅವರು ಕತ್ತು ಹೊರಳಿಸಿ ನಾಯಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಯಾರಿಗೂ ಹೇಳಬೇಡಿ ಎಂದರು. ಡಿಪೋದವರಿಗೆ ಗೊತ್ತಾದರೆ ಸ್ಟೇರಿಂಗ್ ಹೋದಂತೆಯೇ. ಆಗಲಿ ಅಂದೆ. ಹಾಗೆ ಅಂದಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಮರುದಿನ ಬಸ್ಸು ತುಂಬಿತ್ತು. ನನ್ನ ಶಾಲೆಯ ಮಕ್ಕಳೂ ಇದ್ದರು. ಡ್ರೈವರಣ್ಣ ಖಾಕಿ ತೊಟ್ಟು ಡ್ರೈವರ್ ಬಾಗಿಲಿನ ಹಿಡಿಕೆ ಹಿಡಿದು ನಿಂತಿದ್ದರು. ಬಸ್ಸು ಹೊರಡುವ ಹೊತ್ತು ಮೀರಿತು. ಕೂಗಿ ಹೇಳಬೇಕಿದ್ದ ನಾನು ಸೀಟಿನಲ್ಲೇ ಕೂತಿದ್ದೆ. ಕೊನೆಗೆ ಅವರು ಹಿಡಿಕೆ ಬಿಟ್ಟು ಡಿಪೋದವರ ಬಳಿಗೆ ನಡೆದರು. ಬೇರೆ ಡ್ರೈವರ್ ಬಂದು ಕೂತ. ಡ್ರೈವರಣ್ಣ ಪ್ರಯಾಣಿಕರ ಬಾಗಿಲಿನಿಂದ ಹತ್ತಿ ನನ್ನ ಹಿಂದಿನ ಸೀಟಿನಲ್ಲಿ ಕೂತರು. ಜಾವಗಲ್ ಹತ್ತಿರ ಬಂದಾಗ ಮುಂದಕ್ಕೆ ಬಾಗಿದರು.

"ಅವತ್ತು ಆ ಸೈಕಲ್ಲಿನೋನು ಅಡ್ಡ ಬರ್ಲಿಲ್ಲ, ಅಲ್ವಾ ಮಿಸ್ಸು?"



ಮಿದುಳಿನಲ್ಲಿ ಗೆಡ್ಡೆ ಎಂದರು ಡಾಕ್ಟರು. ದೀಪಾವಳಿಯ ಹೊತ್ತಿಗೆ ಎರಡೂ ಕಣ್ಣು ಪೂರ್ತಿ ಹೋದವು. ಆದರೂ ಸಂಜೆ ಗೋಡೆ ಸವರಿಕೊಂಡು ಟೀವಿಯ ಮುಂದೆ ಬಂದು ಕೂರುತ್ತಿದ್ದರು. ತೀರಿಕೊಳ್ಳುವ ಎರಡು ದಿನ ಮುಂಚೆಯೂ ಬಂದು, "ನಾಯಿ ಐತಾ?" ಎಂದು ಕೇಳಿದರು.

"ಐತೆ ಅಣ್ಣ" ಅಂದೆ. ಆ ಸಂಜೆ ಕರೆಂಟೇ ಇರಲಿಲ್ಲ. ಅವರು ನನ್ನ ಕಡೆ ಮುಖ ತಿರುಗಿಸಿ ಖೊಕ್ ಖೊಕ್ ಎಂದು ನಕ್ಕರು.